ಹಿಂದಿನ ಬೆಂಚಿನ ಕಾರ್ಯಾಧ್ಯಕ್ಷರು

ಅವರ ಅಂಗಡಿಯಲ್ಲಿ ಒಂದು ಬೀಗ ಕೊಳ್ಳಲು ಅರ್ಧ ಗಂಟೆ ಬೇಕಾಗುತ್ತಿತ್ತು. ಡಬ್ಬಿಯಿಂದ ಬೀಗ ತೆಗೆದು ಮೇಜಿನ ಮೇಲಿಟ್ಟು, ಅದರ ಎಲ್ಲ ಕೀಲಿಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿ, ಕೊಂಡಿಯನ್ನು ಎರಡೂ ಕೈಯಿಂದ ಜಗ್ಗಿ, ಆಮೇಲೆ ನಮ್ಮ ಕಡೆಗೆ ಸರಿಸುತ್ತಿದ್ದರು. "ಗಟ್ಟಿ ಇದೆ. ಆದ್ರೆ ಇದನ್ನ ನಂಬಿ ಮಲಗ್ಬೇಡಿ" ಎಂದು ಒಂದು ಮಾತು ಸೇರಿಸುತ್ತಿದ್ದರು. ತಾನು ಮಾರುವ ಸಾಮಾನನ್ನೇ ನಂಬದ ವ್ಯಾಪಾರಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಕಡೂರಿನ ಕಡೆಯವಳು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಪೇಟೆಯ ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಬಂದ ವಾರದಲ್ಲೇ ಬಾಡಿಗೆ ಕೋಣೆಗೆ ಬೀಗ ತರಲು ಹೋಗಿದ್ದೆ. ಬೀಗದ ಪರೀಕ್ಷೆ ಮುಗಿಯುವುದರೊಳಗೆ ನನ್ನ ಪರೀಕ್ಷೆಯೂ ಮುಗಿದಿತ್ತು. ಕೋಣೆ ಯಾರದು, ಯಜಮಾನರು ಎಲ್ಲಿರುತ್ತಾರೆ, ಅಷ್ಟು ದೂರದ ಬಯಲುಸೀಮೆ ಬಿಟ್ಟು ಇಲ್ಲಿಗೆ ಬಂದದ್ದೇಕೆ. "ಕೇಳಿ ಬಂದ್ರಾ, ಅಥವಾ ಅಲ್ಲಿ ಏನಾದ್ರೂ ಆಗಿ ಇಲ್ಲಿಗೆ ಹಾಕಿದ್ರಾ?" ಎಂದರು. ಕೇಳಿಯೇ ಬಂದೆ ಎಂದೆ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ ರೀತಿಯಲ್ಲೇ ಆ ಉತ್ತರ ಅವರ ಮನಸ್ಸಿಗೆ ಇಳಿದಿಲ್ಲ ಎಂದು ತಿಳಿಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೇಟೆಯ ಹೆಸರನ್ನೂ ಬರೆಯುವುದಿಲ್ಲ. ಈ ಕಥೆಯಲ್ಲಿ ಒಬ್ಬಳು ಹುಡುಗಿ ಬರುತ್ತಾಳೆ. ಅವಳ ಗುರುತು ಹೊರಗೆ ಬೀಳಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಅವರು ಯಾರೆಂದು ಗೊತ್ತಾದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಅವಳೂ ಗೊತ್ತಾಗುತ್ತಾಳೆ.

ಹಣೆಗೆ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯದಿದ್ದರೆ ಇರಲಿ ಎಂದು ಇನ್ನೊಂದು. ಅಂಗಡಿಯಲ್ಲಿ ಗೋಣಿಚೀಲ, ಟಾರ್ಪಾಲು, ಕಸಿ ಕತ್ತಿ, ಮೋಟಾರಿನ ಬೆಲ್ಟು, ಮೊಳೆ. ಮನೆಯ ಹಿಂದೆ ಸ್ವಲ್ಪ ಕಾಫಿ ತೋಟ. ಕಾಫಿ ಕೊಳ್ಳುವವರು ತೇವ ಅಳೆಯುವ ಯಂತ್ರ ತಂದರೆ ಅದನ್ನು ಒಂದು ಕಡೆ ಇಡಲು ಹೇಳಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಬೀಜವೊಂದನ್ನು ಹಲ್ಲಿಗೆ ಸಿಕ್ಕಿಸಿ ಕಡಿದು ನೋಡುತ್ತಿದ್ದರು. ಮೂಡಿಗೆರೆಯ ಡಾಕ್ಟರು ಬರೆದ ಚೀಟಿಯನ್ನು ಒಂದು ಔಷಧಿ ಅಂಗಡಿಯಲ್ಲಿ ಓದಿಸಿ, ಔಷಧಿಯನ್ನು ಇನ್ನೊಂದು ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಮದುವೆಗೆ ಕರೆಯಲು ಬಂದವರನ್ನೂ ಕುಳ್ಳಿರಿಸಿ, ಮುಹೂರ್ತ ಯಾರು ತೆಗೆದದ್ದು ಎಂದು ವಿಚಾರಿಸುತ್ತಿದ್ದರು. "ಇದ್ರ ಹಿಂದೆ ಯಾರಿದ್ದಾರೆ?" ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಪೇಟೆಯ ಪಡ್ಡೆ ಹುಡುಗರು ಅವರ ಬೆನ್ನ ಹಿಂದೆ ಅದೇ ಧಾಟಿಯಲ್ಲಿ ಅದನ್ನೇ ಹೇಳಿ ನಗುತ್ತಿದ್ದರು.

ಅವರು ನಮ್ಮ ಶಾಲೆಯ ಮೇಲುಸ್ತುವಾರಿ ಸಮಿತಿಯ ಕಾರ್ಯಾಧ್ಯಕ್ಷರು. ಈ ಸಂಶಯದಿಂದ ಶಾಲೆಗೆ ಲಾಭವೇ ಆಗಿತ್ತು. ಹುಡುಗಿಯರ ಶೌಚಾಲಯ ಕಟ್ಟುವಾಗ ಸಿಮೆಂಟು ಮರಳು ಕಲಸುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಮೂರು ಮಳೆಗಾಲ ಕಳೆದರೂ ಆ ಗೋಡೆಯಲ್ಲಿ ಒಂದು ಬಿರುಕಿರಲಿಲ್ಲ. ಬಿಸಿಯೂಟದ ಹೊತ್ತಿಗೆ ಹೇಳದೆ ಕೇಳದೆ ಬಂದು, ಮಕ್ಕಳ ಸಾಲಿನಲ್ಲಿ ಮೊದಲು ತಾವೇ ಸಾಂಬಾರು ಹಾಕಿಸಿಕೊಂಡು ಉಣ್ಣುತ್ತಿದ್ದರು. ಎಸ್ಟೇಟುಗಳಲ್ಲಿ ಕೂಲಿಯವರಿರುವ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಬಸ್ಸಿಲ್ಲ ಎಂದು ಜೀಪಿನ ವ್ಯವಸ್ಥೆ ಮಾಡಿಸಿದವರೂ ಅವರೇ. ಜೀಪು ಓಡಿಸುತ್ತಿದ್ದವನು ಅವರ ಹೆಂಡತಿಯ ತಮ್ಮ.

ಎರಡನೆಯ ವರ್ಷ ನನ್ನನ್ನು ಚಿಕ್ಕಮಗಳೂರಿಗೆ ತರಬೇತಿಗೆ ಕಳಿಸಿದರು. ಹದಿಹರೆಯದ ಮಕ್ಕಳಿಗೆ ಪಾಠ ಹೇಳುವ ತರಬೇತಿ. ಇದು ಹೊಸದೇನೂ ಅಲ್ಲ. ಹಿಂದೊಮ್ಮೆ ಇಂಥದೇ ಪುಸ್ತಕಗಳು ಶಾಲೆಗಳಿಗೆ ಬಂದಿದ್ದವಂತೆ. ಅಲ್ಲಲ್ಲಿ ಗಲಾಟೆಯಾಗಿ, ಕಟ್ಟು ಬಿಚ್ಚುವ ಮೊದಲೇ ವಾಪಸ್ಸು ಹೋದವಂತೆ. ಆಮೇಲೆ ಹೆಸರು ಬದಲಾಯಿತು. ಲೈಂಗಿಕ ಎಂಬ ಪದ ಬಿದ್ದು ಹೋಗಿ, ಜೀವನ ಕೌಶಲ ಎಂದಾಯಿತು, ಆರೋಗ್ಯ ಎಂದಾಯಿತು. ಹೆಸರು ಯಾವುದಾದರೂ, ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಪಾಠ ಬಂದಾಗ "ಮನೇಲಿ ಓದ್ಕೊಳ್ಳಿ" ಎಂದು ಪುಟ ಮಗುಚುವ ಪದ್ಧತಿ ಮಾತ್ರ ಹಾಗೆಯೇ ಇತ್ತು.

ತರಬೇತಿಯ ಬೆಳಗಿನ ಅವಧಿಯಲ್ಲಿ ಒಬ್ಬ ವೈದ್ಯೆ, ಮಕ್ಕಳ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಿ, ಅವರು ನಿಮ್ಮನ್ನು ನಂಬುವ ಹಾಗೆ ಮಾಡಿ ಎಂದು ಹೇಳಿದರು. ಮಧ್ಯಾಹ್ನ ಬಂದ ಪೊಲೀಸ್ ಅಧಿಕಾರಿ ಪೋಕ್ಸೊ ಕಾಯ್ದೆ ವಿವರಿಸಿದರು. ಮಗುವಿನ ಮೇಲೆ ದೌರ್ಜನ್ಯವಾದದ್ದು ನಿಮಗೆ ತಿಳಿದರೆ ನೀವು ಪೊಲೀಸರಿಗೆ ಹೇಳಲೇಬೇಕು, ತಿಳಿದೂ ಸುಮ್ಮನಿದ್ದರೆ ನಿಮಗೂ ಶಿಕ್ಷೆ ಇದೆ ಎಂದರು. ಆಲ್ದೂರಿನವರೆಗೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯ ಶಿಕ್ಷಕಿ ಎರಡನ್ನೂ ಕೂಡಿಸಿ ತೀರ್ಮಾನಕ್ಕೆ ಬಂದಿದ್ದರು. "ನಾವು ಬಾಯಿ ಬಿಟ್ರೆ ತಾನೆ ಮಕ್ಕಳು ಬಾಯಿ ಬಿಡೋದು? ಗೊತ್ತಾದ್ರೆ ತಾನೆ ಹೇಳ್ಬೇಕಾದ್ದು? ಸುಮ್ನೆ ಕೈ ತೊಳೆಯೋದು ಹೇಗೆ ಅಂತ ಹೇಳಿಕೊಟ್ಟು ಫೋಟೋ ಕಳ್ಸಿ, ಮಾರಾಯ್ರೆ. ಎಲ್ರೂ ಹಾಗೇ ಮಾಡ್ತಾರೆ."

ಮುಂದಿನ ಸಮಿತಿ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಸುತ್ತೋಲೆ ಓದಿದರು. ಶನಿವಾರ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ನಾನು ಈ ಪಾಠ ಮಾಡಬೇಕು ಎಂದಿತ್ತು. ಕಾರ್ಯಾಧ್ಯಕ್ಷರು ಕೈ ಚಾಚಿ ಆ ಹಾಳೆ ತೆಗೆದುಕೊಂಡು ಮುಂದೆ ಹಿಂದೆ ತಿರುಗಿಸಿದರು.

"ಇದು ಕಾಯ್ದೆಯಾ?"

"ಇಲಾಖೆ ಸುತ್ತೋಲೆ" ಎಂದರು ಮುಖ್ಯೋಪಾಧ್ಯಾಯರು.

"ಅದೇ ಕೇಳಿದ್ದು. ಕಾಯ್ದೆ ಅಂದ್ರೆ ವಿಧಾನಸೌಧದಲ್ಲಿ ಆಗೋದು. ಸುತ್ತೋಲೆ ಅಂದ್ರೆ ಜೂನಲ್ಲಿ ಬರೋ ಹಳ್ಳ. ಜನವರಿಗೆ ಹುಡುಕಿದ್ರೆ ಸಿಕ್ಕಲ್ಲ. ನಾಳೆ ಯಾರೋ ಗಲಾಟೆ ಮಾಡ್ತಾರೆ, ನಾವು ಹೇಳೇ ಇಲ್ಲ ಅಂತಾರೆ ಇಲಾಖೆಯೋರು. ಆಗ ಸಿಕ್ಕಿಬೀಳೋದು ಯಾರು?" ಹಾಳೆಯನ್ನು ನನ್ನ ಕಡೆಗೆ ಸರಿಸಿದರು. "ಇದ್ರಿಂದ ನಿಮಗೇನು ಸಿಗ್ತದೆ ಮೇಡಂ?"

"ನನಗೇನೂ ಸಿಗೋದಿಲ್ಲ. ಮಕ್ಕಳಿಗೆ ಗೊತ್ತಿರಬೇಕು, ಅಷ್ಟೆ."

"ಏನೂ ಸಿಗದೆ ಯಾರೂ ಇಂಥದ್ದಕ್ಕೆ ಕೈ ಹಾಕಲ್ಲ" ಎಂದರು. ಆಮೇಲೆ ಒಂದು ಷರತ್ತು ಹಾಕಿದರು. ಪಾಠ ನಡೆಯಲಿ, ಆದರೆ ತಾವೂ ಬಂದು ಕೂರಬೇಕು. ಏನು ಹೇಳಿಕೊಡುತ್ತಾರೆ ಎಂದು ಪೋಷಕರಿಗೆ ಗೊತ್ತಾಗಬೇಕಲ್ಲ.

ಆ ಶನಿವಾರ ಅವರು ನನಗಿಂತ ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಕ್ಕಳ ಬೆಂಚು, ಮೊಣಕಾಲು ಎದೆಯ ಹತ್ತಿರಕ್ಕೆ ಬಂದಿತ್ತು. ನಾನು ಕಪ್ಪುಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದು ತಿರುಗಿ ನೋಡಿದರೆ ಹುಡುಗಿಯರೆಲ್ಲ ಡೆಸ್ಕು ನೋಡುತ್ತಿದ್ದರು, ಹುಡುಗರು ಕಿಟಕಿ ನೋಡುತ್ತಿದ್ದರು, ಅವರೊಬ್ಬರು ಮಾತ್ರ ಚಿತ್ರವನ್ನು ನೋಡುತ್ತಿದ್ದರು. ಕೆಲವೊಮ್ಮೆ ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವವರ ಹಾಗೆ ಕೇಳುತ್ತಿದ್ದರು.

"ಹುಷಾರು ಮೇಡಂ" ಎಂದು ಮುಖ್ಯೋಪಾಧ್ಯಾಯರು ಸ್ಟಾಫ್‌ರೂಮಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು. "ಅವರು ಬರ್ತಿರೋದು ಪಾಠ ಕೇಳೋಕಲ್ಲ. ಎಲ್ಲೋ ಒಂದು ಮಾತು ಸಿಕ್ರೆ ಸಾಕು, ಬಿಇಓ ಆಫೀಸಿಗೆ ಅರ್ಜಿ ಹೋಗ್ತದೆ." ಇತರ ಶಿಕ್ಷಕರಿಗೂ ಅದೇ ಅನುಮಾನ. ಗಣಿತದವರಂತೂ, ಅವರ ಜೇಬಿನಲ್ಲಿ ಮೊಬೈಲು ರೆಕಾರ್ಡ್ ಆಗುತ್ತಿರುತ್ತದೆ ಎಂದು ಖಚಿತವಾಗಿ ಹೇಳಿದರು. ನಾನು ಒಂದೊಂದು ಪದವನ್ನೂ ಮನೆಯಲ್ಲಿ ತೂಗಿ ತರತೊಡಗಿದೆ. ತಿಂಗಳ ಮುಟ್ಟಿನ ಬಗ್ಗೆ ಹೇಳುವಾಗ ಒಮ್ಮೆ ನನ್ನ ದನಿಯೇ ಅಡಗಿತು. ಹಿಂದಿನಿಂದ ಅವರು ಕೈಯೆತ್ತಿದರು. "ಇಲ್ಲಿಗೆ ಕೇಳಲ್ಲ ಮೇಡಂ" ಎಂದರು. ಮಕ್ಕಳು ನಕ್ಕರು. ಅವರು ನಗಲಿಲ್ಲ.

ಮೈಮೇಲೆ ಕೈ ಹಾಕುವವರ ಬಗ್ಗೆ ಹೇಳಿದ ಶನಿವಾರ ಪಾಠ ಮುಗಿದ ಮೇಲೆ ಅವರು ಜಗಲಿಯಲ್ಲಿ ನನಗಾಗಿ ನಿಂತಿದ್ದರು.

"ಏನಾದ್ರೂ ಆದ್ರೆ ನಂಬಿಕಸ್ಥ ದೊಡ್ಡೋರಿಗೆ ಹೇಳಿ ಅಂದ್ರಿ. ನಂಬಿಕಸ್ಥರು ಅಂದ್ರೆ ಯಾರು?"

"ಅಪ್ಪ, ಅಮ್ಮ, ಟೀಚರು, ಮನೆಯಲ್ಲಿರೋ ಹಿರಿಯರು" ಎಂದೆ.

"ಅದು ಮಗುವಿಗೆ ಹೇಗೆ ಗೊತ್ತಾಗ್ತದೆ? ನನಗೆ ಅರವತ್ತು ದಾಟಿತು. ನನಗೇ ಗೊತ್ತಾಗಲ್ಲ."

"ಒಬ್ಬರಿಗೆ ಹೇಳಿ, ಅವರು ಕೇಳದೇ ಇದ್ರೆ ಇನ್ನೊಬ್ಬರಿಗೆ. ಕೇಳೋರು ಸಿಗೋವರೆಗೂ ಹೇಳಬೇಕು. ಹಾಗೇ ಪಾಠದಲ್ಲಿರೋದು. ಕೇಳಿದವರು ಮಗುವನ್ನ ಮತ್ತೆ ಮತ್ತೆ ಕೆದಕಬಾರದು."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ನನ್ನ ಮಾತಿನಲ್ಲಿ ಅವರಿಗೆ ಬೇಕಾದ ತಪ್ಪು ಸಿಕ್ಕಿತೇನೋ ಎಂದು ಭಾನುವಾರವೆಲ್ಲ ಕಳವಳಪಟ್ಟೆ.

ಕಾಫಿ ಕೊಯ್ಲು ನಡೆಯುತ್ತಿದ್ದ ಕಾಲ. ಒಂದು ಶನಿವಾರ ಅವರು ಪಾಠ ಮುಗಿಸಿಕೊಂಡು ಅಂಗಡಿಗೆ ಹೋದ ಮೇಲೆ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಕಪ್ಪುಹಲಗೆ ಒರೆಸುವ ನೆಪದಲ್ಲಿ ಉಳಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು. ಮನೆಗೆ ಹೋಗುವುದಿಲ್ಲವೇ ಎಂದು ಕೇಳಿದೆ. ಜೀಪಿನಲ್ಲಿ ಹೋಗುವುದಿಲ್ಲ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಉಳಿದ ಮಕ್ಕಳೆಲ್ಲ ಇಳಿದ ಮೇಲೆ ಅವಳೊಬ್ಬಳೇ ಉಳಿಯುತ್ತಿದ್ದಳು, ಅವಳ ಲೈನು ಎಲ್ಲಕ್ಕಿಂತ ದೂರ, ಇಷ್ಟು ಸಾಕು. ಅವಳ ಅಮ್ಮ ಎಸ್ಟೇಟಿನ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಕೆಲಸದಲ್ಲಿದ್ದಳು.

ನಾನು ನೇರವಾಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಅವರು ಕೇಳಿ ಬೆವರಿದರು. ಒಳ್ಳೆಯ ಮನುಷ್ಯರೇ, ಆದರೆ ನಿವೃತ್ತಿ ಹತ್ತಿರವಿತ್ತು. "ಶಾಲೆ ಹೆಸರು ಏನಾಗ್ತದೆ ಮೇಡಂ? ಅದರಲ್ಲೂ ಅವರ ಭಾವಮೈದ. ಅವರಿಗೆ ಒಂದು ಮಾತು ಹೇಳದೆ ನಾವು ಮುಂದುವರಿಯೋದು ಸರಿಯಲ್ಲ" ಎಂದು, ನಾನು ಬೇಡವೆಂದರೂ ಕೇಳದೆ ಕಾರ್ಯಾಧ್ಯಕ್ಷರಿಗೆ ಫೋನು ಮಾಡಿದರು.

ಇನ್ನು ಮುಗಿಯಿತು ಎಂದುಕೊಂಡೆ. ಇಂಥದ್ದು ಹೇಗೆ ಮುಚ್ಚಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹಿರಿಯರು ಸೇರುತ್ತಾರೆ, ಹುಡುಗಿಯ ಅಮ್ಮನನ್ನು ಕರೆಸುತ್ತಾರೆ, ಅವಳಿಗೆ ತೋಟದ ಕೆಲಸ ಹೋಗುವ ಭಯವಿರುತ್ತದೆ, ಹುಡುಗಿಗೆ ಬುದ್ಧಿವಾದ ಹೇಳಿ ಕಳಿಸುತ್ತಾರೆ.

ಕಾರ್ಯಾಧ್ಯಕ್ಷರು ಬಂದು, ಕೂರದೆ ಬಾಗಿಲ ಹತ್ತಿರವೇ ನಿಂತು ಕೇಳಿದರು. ಅವರ ಮುಖದಲ್ಲಿ ಏನಾಯಿತೆಂದು ನನಗೆ ಕಾಣಲಿಲ್ಲ, ಬೆಳಕು ಅವರ ಹಿಂದಿನಿಂದ ಬರುತ್ತಿತ್ತು.

"ಪೊಲೀಸಿಗೆ ಹೇಳಿದ್ರಾ?" ಎಂದು ಕೇಳಿದರು.

"ನಿಮ್ಮ ಹತ್ರ ಕೇಳಿ ಆಮೇಲೆ ಅಂತ" ಎಂದರು ಮುಖ್ಯೋಪಾಧ್ಯಾಯರು.

"ನನ್ನ ಕೇಳ್ಬೇಕು ಅಂತ ಕಾಯ್ದೇಲಿ ಇದೆಯಾ?"

ಮುಖ್ಯೋಪಾಧ್ಯಾಯರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಅವಳ ಹತ್ರ ಇನ್ಯಾರೂ ಏನೂ ಕೇಳ್ಬೇಡಿ. ಒಂದ್ಸಲ ಹೇಳಿದ್ದು ಸಾಕು" ಎಂದು ಹೇಳಿ ಅವರು ಹೊರಟುಹೋದರು.

ಆ ಮಾತನ್ನು ನಾನು ಎರಡು ಬಗೆಯಲ್ಲಿ ಅರ್ಥ ಮಾಡಿಕೊಳ್ಳಬಹುದಿತ್ತು. ಮಗುವನ್ನು ಕೆದಕಬೇಡಿ ಎಂದೂ ಆಗಬಹುದು, ವಿಷಯವನ್ನು ಇಲ್ಲಿಗೇ ಬಿಡಿ ಎಂದೂ ಆಗಬಹುದು. ನಾನು ಎರಡನೆಯದನ್ನೇ ನಂಬಿದೆ. ಭಾವಮೈದನಿಗೆ ಸುದ್ದಿ ಮುಟ್ಟಿಸಿ ಊರು ಬಿಡಿಸಲು ಹೋಗುತ್ತಿದ್ದಾರೆ ಎಂದೇ ಎಣಿಸಿ, ಅಲ್ಲಿಯೇ ನಿಂತು ಠಾಣೆಗೆ ಫೋನು ಮಾಡಿದೆ. ಆಮೇಲೆ ಆಟೋ ಹಿಡಿದು ತೋಟಕ್ಕೆ ಹೋಗಿ ಹುಡುಗಿಯ ಅಮ್ಮನನ್ನು ಕರೆತಂದು, ಇಬ್ಬರನ್ನೂ ಮನೆ ಮುಟ್ಟಿಸಿದೆ. ಸಂಜೆ ಒಬ್ಬ ಮಹಿಳಾ ಅಧಿಕಾರಿ ಸಮವಸ್ತ್ರವಿಲ್ಲದೆ, ಸಾದಾ ಚೂಡಿದಾರದಲ್ಲಿ ಅವರ ಲೈನ್ ಮನೆಗೆ ಬಂದು ಹುಡುಗಿಯ ಪಕ್ಕ ಚಾಪೆಯ ಮೇಲೆ ಕೂತು ಬರೆದುಕೊಂಡರು.

ಮಿಕ್ಕದ್ದು ಆ ಅಧಿಕಾರಿಯಿಂದಲೇ ನನಗೆ ತಿಳಿದದ್ದು. ಪೊಲೀಸರು ಹೋದಾಗ ಭಾವಮೈದ ಅಕ್ಕನ ಮನೆಯಲ್ಲೇ ಇದ್ದ. ಊಟದ ತಟ್ಟೆ ಎದುರಿಗಿತ್ತು, ಅನ್ನ ಒಣಗಿತ್ತು. ಎದುರು ಕುರ್ಚಿಯಲ್ಲಿ ಕಾರ್ಯಾಧ್ಯಕ್ಷರು ಕೂತಿದ್ದರು, ಜೀಪಿನ ಕೀಲಿ ಅವರ ಕೈಯಲ್ಲಿತ್ತು. ಮಧ್ಯಾಹ್ನದಿಂದ ಹಾಗೇ ಕೂತಿದ್ದರಂತೆ. ಅವನು ಅತ್ತನಂತೆ, ಕಾಲು ಹಿಡಿದನಂತೆ, ಎದ್ದು ಹೋಗಲು ನೋಡಿದನಂತೆ. ಇವರು "ಕೂತ್ಕೋ" ಎನ್ನುವುದು ಬಿಟ್ಟರೆ ಬೇರೆ ಮಾತಾಡಲಿಲ್ಲವಂತೆ.

ಇದನ್ನು ಕೇಳಿದ ಮೇಲೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ಪೇಟೆಯಲ್ಲಿ ಹತ್ತು ಬಗೆಯ ಮಾತಿತ್ತು. ಹೆಂಡತಿಯ ತವರಿನವರ ಜೊತೆ ತೋಟದ ಬೇಲಿಯ ಜಗಳವಿತ್ತು, ಅದರ ಹಗೆ ತೀರಿಸಿಕೊಂಡರು ಎಂದು ಕೆಲವರು. ತಮ್ಮ ಹೆಸರು ಬರದಿರಲಿ ಎಂದು ಮುಂದಾಗಿ ಒಪ್ಪಿಸಿದರು ಎಂದು ಇನ್ನು ಕೆಲವರು. ಆದರೆ ಎಲ್ಲರೂ ಕೂಡಿ ಬೈದದ್ದು ಮಾತ್ರ ನನ್ನ ಪಾಠವನ್ನು. ಆ ಪಾಠ ಇಲ್ಲದಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ ಎಂದರು. ಅದು ನಿಜವೂ ಆಗಿತ್ತು. ಅದನ್ನು ಅವರು ದೂರಿನ ದನಿಯಲ್ಲಿ ಹೇಳುತ್ತಿದ್ದರು, ಅಷ್ಟೆ.

ತುರ್ತು ಸಭೆ ಸೇರಿತು. ಪೋಷಕರು ಬಾಗಿಲವರೆಗೆ ತುಂಬಿದ್ದರು. ಒಬ್ಬ ತಂದೆ ಎದ್ದು, "ನಾಳೆ ನನ್ನ ಮಗಳು ನನ್ನ ಮೇಲೇ ಹೇಳಿದ್ರೆ ಏನ್ ಮಾಡೋದು? ಇದನ್ನ ನಿಲ್ಸಿ" ಎಂದರು. ಯಾರೂ ಅವರ ಮುಖ ನೋಡಲಿಲ್ಲ. ಕಾರ್ಯಾಧ್ಯಕ್ಷರು ಪಾಠದ ಪರವಾಗಿ ಒಂದು ಮಾತಾದರೂ ಆಡುತ್ತಾರೆ ಎಂದು ನಾನು ಕಾದೆ.

"ನಿಲ್ಲಿಸೋಣ" ಎಂದರು ಅವರು. "ನಾನು ಮೊದಲೇ ಬೇಡ ಅಂದಿದ್ದೆ. ಇಲಾಖೆಯೋರು ಸರಿಯಾಗಿ ಆದೇಶ ಮಾಡ್ಲಿ, ಜವಾಬ್ದಾರಿ ತಗೊಳ್ಲಿ. ಅಲ್ಲಿವರೆಗೆ ಬೇಡ."

ನಿರ್ಣಯ ಬರೆದು ಸಹಿ ಹಾಕಿದರು. ಅವರ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮನೆಯವರನ್ನು ಸಮಾಧಾನ ಮಾಡಲು ಪಾಠವನ್ನು ಬಲಿ ಕೊಟ್ಟರು, ಇನ್ನು ಕೇಸನ್ನೂ ನಿಧಾನವಾಗಿ ಕೈಬಿಡುತ್ತಾರೆ ಎಂದುಕೊಂಡೆ. ಮುಂದೆ ಅವರ ಅಂಗಡಿಯಲ್ಲಿ ಒಂದು ಮೊಳೆಯನ್ನೂ ಕೊಳ್ಳಲಿಲ್ಲ.

ಕೇಸು ಚಿಕ್ಕಮಗಳೂರಿನ ನ್ಯಾಯಾಲಯಕ್ಕೆ ಬಂದಾಗ ನಾನೂ ಸಾಕ್ಷಿ, ಅವರೂ ಸಾಕ್ಷಿ. ನನ್ನನ್ನು ಮೊದಲು ಕರೆದರು. ಆರೋಪಿಯ ವಕೀಲರು ಮೃದುವಾಗಿ ಮಾತಾಡುವವರು. ಹುಡುಗಿಗೆ ಇಂಥ ವಿಷಯಗಳನ್ನೆಲ್ಲ ಹೇಳಿಕೊಟ್ಟವರು ನೀವೇ ಅಲ್ಲವೇ, ಹೀಗೆ ಆಯಿತು ಎಂದು ಹೇಳಬೇಕೆಂದು ಕಲಿಸಿದವರು ನೀವೇ ಅಲ್ಲವೇ, ಆ ತರಗತಿಯಲ್ಲಿ ನೀವು ಹೇಳಿದ್ದೇನು ಎನ್ನುವುದಕ್ಕೆ ನಿಮ್ಮ ಮಾತು ಬಿಟ್ಟರೆ ಬೇರೆ ಆಧಾರ ಏನಿದೆ ಎಂದು ಕೇಳುತ್ತಾ ಹೋದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಹೊರಗೆ ಬಂದು ಗೋಡೆಯ ಪಕ್ಕ ನಿಂತೆ.

ಆಮೇಲೆ ಕಾರ್ಯಾಧ್ಯಕ್ಷರ ಸರದಿ. ಇಂಥ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ನಮಗೆ ಏನೂ ಕೇಳುವುದಿಲ್ಲ. ಹೊರಗಿನ ಬೆಂಚಿನಲ್ಲಿ ಅವರ ಹೆಂಡತಿಯ ತವರಿನವರು ಸಾಲಾಗಿ ಕೂತಿದ್ದರು. ಆರೋಪಿಯ ವಕೀಲರು ಒಳಗೆ ಹೋಗುವ ಮೊದಲು ಕಾರ್ಯಾಧ್ಯಕ್ಷರಿಗೆ ಕೈಮುಗಿದು, ಚೆನ್ನಾಗಿದ್ದೀರಾ ಎಂದು ವಿಚಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಪಾಠ ನಿಲ್ಲಿಸಿದವರು ಇವರೇ. ಒಳಗೆ ಹೋಗಿ ಮಾತು ತಿರುಗಿಸಿಬಿಟ್ಟರೆ ಎಲ್ಲವೂ ಅಲ್ಲಿಗೆ ಮುಗಿದಂತೆ. ಅವರು ಬಹಳ ಹೊತ್ತಿನ ನಂತರ ಹೊರಬಂದು, ಯಾರನ್ನೂ ನೋಡದೆ ಮೆಟ್ಟಿಲಿಳಿದರು. ತವರಿನವರಲ್ಲಿ ಒಬ್ಬ ಹಿರಿಯ ಹೆಂಗಸು ಅವರ ಹಿಂದೆಯೇ ಹೋಗಿ ಏನೋ ಕೇಳಿದರು. ಅವರು ತಲೆಯಾಡಿಸಿದರು. ಹೌದು ಎಂದೋ ಇಲ್ಲ ಎಂದೋ ನನಗೆ ತಿಳಿಯಲಿಲ್ಲ.

ಮೂಡಿಗೆರೆಯವರೆಗೆ ಒಂದೇ ಬಸ್ಸಿನಲ್ಲಿ ಬಂದೆವು, ಅವರು ಮುಂದೆ, ನಾನು ಹಿಂದೆ.

ಅವರು ಒಳಗೆ ಹೇಳಿದ್ದು ನನಗೆ ಗೊತ್ತಾದದ್ದು ತೀರ್ಪು ಬಂದ ಮೇಲೆ. ಸರ್ಕಾರಿ ವಕೀಲರು ಒಬ್ಬ ಹೆಂಗಸು, ಅವರೇ ನನ್ನನ್ನು ಕೂರಿಸಿಕೊಂಡು ಹೇಳಿದರು. ಆರೋಪಿಯ ವಕೀಲರು ಕಾರ್ಯಾಧ್ಯಕ್ಷರನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ನೋಡಿದ್ದರು. ಆ ಪಾಠ ಸರಿಯಿಲ್ಲ ಎಂದು ತಾನೆ ನೀವು ನಿಲ್ಲಿಸಿದ್ದು ಎಂದು ಕೇಳಿದ್ದರು. ಅದಕ್ಕೆ ಇವರು ಹೀಗೆ ಹೇಳಿದ್ದರು. "ನಿಲ್ಲಿಸ್ಬೇಕು ಅಂದವನು ನಾನೇ. ಮೊದಲಿಂದ್ಲೂ ನನಗೆ ಅದು ಬೇಡ. ಮೇಡಂ ಏನಾದ್ರೂ ತಪ್ಪು ಹೇಳಿಕೊಡ್ತಾರೆ, ಹಿಡಿಯೋಣ ಅಂತಲೇ ಹೋಗಿ ಹಿಂದಿನ ಬೆಂಚಲ್ಲಿ ಕೂತಿದ್ದೆ. ಒಂದು ಶನಿವಾರವೂ ತಪ್ಪಿಸಿಲ್ಲ. ಹುಡುಕಿದೆ. ಸಿಕ್ಕಲಿಲ್ಲ."

"ಪಾಠದ ಪರವಾಗಿರೋರು ಯಾರು ಹೇಳಿದ್ರೂ ಅದಕ್ಕೆ ಅಷ್ಟು ತೂಕ ಬರ್ತಿರಲಿಲ್ಲ ಮೇಡಂ" ಎಂದರು ಸರ್ಕಾರಿ ವಕೀಲರು. ಭಾವಮೈದನಿಗೆ ಶಿಕ್ಷೆಯಾಗಿತ್ತು.

ಮರುದಿನ ನಾನು ಅವರ ಅಂಗಡಿಗೆ ಹೋದೆ. ಮೊಳೆ ತೂಗುತ್ತಿದ್ದರು. ಏನು ಬೇಕು ಎಂದು ಕೇಳಿದರು. ಏನೂ ಬೇಡ, ಸುಮ್ಮನೆ ಬಂದೆ ಎಂದೆ. ಸುಮ್ಮನೆ ಬರುವವರನ್ನು ಅವರು ನಂಬುವುದಿಲ್ಲ ಎಂದು ಗೊತ್ತಿದ್ದೂ ಹಾಗೆಂದೆ. ಅವರು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ.

"ನಾನು ಕೋರ್ಟಲ್ಲಿ ಮಾತು ತಿರುಗಿಸ್ತೀನಿ ಅಂದ್ಕೊಂಡಿದ್ರಿ ಅಲ್ವ?"

"ಹೌದು" ಎಂದೆ.

"ಒಳ್ಳೇದು ಬಿಡಿ. ನಮ್ಮಂಥ ದೊಡ್ಡೋರನ್ನೆಲ್ಲ ಕಣ್ಮುಚ್ಚಿ ನಂಬೋ ಹಾಗಿದ್ರೆ ಆ ಪಾಠ ಯಾಕೆ ಬೇಕಿತ್ತು?"

ಹಾಗಾದರೆ ಮತ್ತೆ ಶುರು ಮಾಡಲೇ ಎಂದು ಕೇಳಿದೆ. "ಆದೇಶ ಬರ್ಲಿ" ಎಂದರು. ಆ ವಿಷಯದಲ್ಲಿ ಅವರು ಕೊನೆಯವರೆಗೂ ಬದಲಾಗಲಿಲ್ಲ. ಪಾಠ ಒಳ್ಳೆಯದು ಎಂದು ಒಮ್ಮೆಯೂ ಹೇಳಲಿಲ್ಲ. ಆದರೆ ಎಸ್ಟೇಟಿನ ಮಕ್ಕಳಿಗೆ ಸರ್ಕಾರಿ ಬಸ್ಸು ಬೇಕು ಎಂದು ಡಿಪೋಗೆ ಅಲೆದರು. ಬಸ್ಸು ಬರುವವರೆಗೆ, ಜೀಪಿನಲ್ಲಿ ಮಕ್ಕಳ ಜೊತೆ ಒಬ್ಬ ಅಮ್ಮ ಇರಲೇಬೇಕು ಎಂದು ಕಟ್ಟಳೆ ಮಾಡಿದರು. ಅವರ ಅಂಗಡಿಗೆ ಬರುವವರು ಕಡಿಮೆಯಾದರು. ನೆಂಟರ ಮದುವೆಗಳಿಗೆ ಕರೆ ಬರುವುದು ನಿಂತಿತು. ಹೆಂಡತಿ ಅನ್ನ ಬಡಿಸುತ್ತಾರೆ, ಮಾತಾಡುವುದಿಲ್ಲ ಎಂದು ಅಂಗಡಿಯ ಆಳು ಹೇಳುತ್ತಿದ್ದ.

ನನಗೆ ಆಲ್ದೂರಿನ ಕಡೆಗೆ ವರ್ಗವಾಯಿತು. ಈಗ ಮತ್ತೆ ಹೊಸ ಆದೇಶದ ಮಾತು ನಡೆಯುತ್ತಿದೆ, ತರಗತಿಗಳಿಗೆ ವೈದ್ಯರನ್ನು ಕರೆಸುತ್ತಾರಂತೆ. ಆದೇಶ ಬರುವ ಮುನ್ನವೇ ಅವರು ಹೋದರು. ಅಂಗಡಿಯ ಮೇಜಿನ ಹಿಂದೆ ಕೂತಲ್ಲೇ ಎದೆನೋವು ಬಂತಂತೆ.

ಅವರ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಹೋಗಿದ್ದೆ. ಎಷ್ಟೋ ವರ್ಷದಿಂದ ಆ ಮನೆಗೆ ಕಾಲಿಡದವರೆಲ್ಲ ಬಂದಿದ್ದರು. ಕಾಫಿ ಒಣಗಿಸುವ ಕಣದ ಮೇಲೆ ಶಾಮಿಯಾನ ಹಾಕಿ ಸಾಲಾಗಿ ಎಲೆ ಹಾಕಿದ್ದರು. ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದು ಪಕ್ಕದ ಸಾಲಿನಲ್ಲಿ ಯಾರೋ ಹೇಳುತ್ತಿದ್ದರು. ಸಭೆಯಲ್ಲಿ ಎದ್ದು ಪಾಠ ನಿಲ್ಲಿಸಿ ಎಂದು ಕೂಗಿದವರೇ 'ಹೌದೌದು' ಎಂದರು.

ಊಟ ಮುಗಿಸಿ ಹೊರಡುವಾಗ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು. ಅವರ ಜೊತೆ ನಾನು ಅದಕ್ಕೆ ಮೊದಲು ಸರಿಯಾಗಿ ಮಾತಾಡಿದ್ದೇ ಇಲ್ಲ. ಬೈಯುತ್ತಾರೆ ಎಂದುಕೊಂಡೇ ಹೋದೆ. ಅಡುಗೆ ಮನೆಯ ಪಕ್ಕದ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ನಡುವೆ ಅವರು ನಿಂತಿದ್ದರು. ನನ್ನ ಕೈಗೆ ಪ್ರಸಾದದ ಪೊಟ್ಟಣ ಕೊಟ್ಟು, ಕೈ ಹಿಂತೆಗೆಯದೆ ಹಾಗೇ ಹಿಡಿದುಕೊಂಡರು.

"ಎಲ್ರೂ ನಾನು ತಮ್ಮನ ಸಲುವಾಗಿ ಮಾತು ಬಿಟ್ಟೆ ಅಂತಾರೆ. ಅಲ್ಲ ಮೇಡಂ. ಅವರ ಮುಖ ನೋಡೋಕಾಗ್ತಿರಲಿಲ್ಲ ನನಗೆ." ಹೊರಗೆ ಯಾರೋ ಅವರನ್ನು ಕೂಗಿದರು. ಅವರು ಓಗೊಡಲಿಲ್ಲ. "ಅವರು ಊರೋರನ್ನೆಲ್ಲ ಸಂಶಯ ಪಡೋರು. ಇವನೊಬ್ಬನ್ನ ಮಾತ್ರ ನಂಬಿದ್ರು, ಮಗನ ಹಾಗೆ ಸಾಕಿದ್ರು. ನನಗೆ ಅವನ ಮೇಲೆ ಮುಂಚಿಂದ್ಲೂ ಅನುಮಾನ ಇತ್ತು. ಅವನು ತವರಲ್ಲಿದ್ದಾಗ್ಲೇ."

ನಾನು ಇನ್ನೊಂದು ಕೈಯನ್ನು ಅವರ ಕೈಯ ಮೇಲಿಟ್ಟೆ.

"ಯಾರಿಗೆ ಹೇಳೋದು, ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಮೇಡಂ. ನಮಗ್ಯಾರು ಹೇಳಿಕೊಟ್ಟಿದ್ರು?"

ಹೊರಗಿನಿಂದ ಮತ್ತೆ ಕರೆದರು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಪಾಯಸದ ಪಾತ್ರೆ ಎತ್ತಿಕೊಂಡು, ಮುಂದಿನ ಪಂಕ್ತಿಗೆ ಬಡಿಸಲು ಹೋದರು.